ಎಂಬತ್ತು ನಿಮಿಷಗಳ ಗೆಳೆತನ: ಯೋಕೊ ಒಗಾವಾ ಅವರ ‘ದಿ ಹೌಸ್‌ಕೀಪರ್ ಅಂಡ್ ದಿ ಪ್ರೊಫೆಸರ್’

ನೊಂದ ಜೀವಗಳು ಯಾರೂ ಊಹಿಸದ ಸ್ನೇಹವೊಂದರ ಆಸರೆಯಲ್ಲಿ ಮತ್ತೆ ಬದುಕಿಗೆ ಮರಳುವ ಕಾದಂಬರಿಗಳಿಗೆ ಇಂದು ಓದುಗರ ಕೊರತೆಯಿಲ್ಲ. ಒಂಟಿತನದಲ್ಲಿ ಗಡುಸಾದ ಮುದುಕ ಮತ್ತು ಅವನ ಬಾಗಿಲು ತಟ್ಟುವ ನೆರೆಮನೆಯ ಹೆಣ್ಣುಮಗಳು, ಬಾಲ್ಯದ ಆಘಾತವನ್ನು ಯಾರಿಗೂ ಹೇಳದೆ ಬೆಳೆದ ಯುವತಿ ಮತ್ತು ಅವಳನ್ನು ಮಾತಿಗೆಳೆಯುವ ಸಹೋದ್ಯೋಗಿ, ಹೀಗೆ ಬಗೆಬಗೆಯ ಜೋಡಿಗಳನ್ನು ಇಟ್ಟುಕೊಂಡು ಬರೆದ ಪುಸ್ತಕಗಳು ಹಲವು ದೇಶಗಳಿಂದ ಬಂದಿವೆ, ಬರುತ್ತಲೇ ಇವೆ. ಇವುಗಳಲ್ಲಿ ಹೆಚ್ಚಿನವು ಒಂದೇ ದಾರಿಯಲ್ಲಿ ನಡೆಯುತ್ತವೆ: ಮೊದಲು ಮುಚ್ಚಿಟ್ಟ ದುಃಖವೊಂದು ಇರುತ್ತದೆ, ಸ್ನೇಹವು ಆ ಮುಚ್ಚಳವನ್ನು ತೆಗೆಯುತ್ತದೆ, ಅಳು ಹೊರಬರುತ್ತದೆ, ಬಳಿಕ ಗಾಯ ಮಾಯುತ್ತದೆ. ಜಪಾನಿನ ಲೇಖಕಿ ಯೋಕೊ ಒಗಾವಾ 2003ರಲ್ಲಿ ಪ್ರಕಟಿಸಿದ, ಸ್ಟೀಫನ್ ಸ್ನೈಡರ್ ಅವರ ಇಂಗ್ಲಿಷ್ ಅನುವಾದದಲ್ಲಿ 2009ರಲ್ಲಿ ‘ದಿ ಹೌಸ್‌ಕೀಪರ್ ಅಂಡ್ ದಿ ಪ್ರೊಫೆಸರ್’ ಎಂಬ ಹೆಸರಿನಿಂದ ಹೊರಬಂದ ಕಾದಂಬರಿಯೂ ಇದೇ ಕುಲಕ್ಕೆ ಸೇರಿದ್ದು. ಆದರೆ ಈ ಕುಲದ ಮುಖ್ಯ ಭರವಸೆಯನ್ನೇ ಅದು ಓದುಗರಿಗೆ ಕೊಡುವುದಿಲ್ಲ. ಇಲ್ಲಿನ ಗಾಯ ಮಾಯುವಂಥದ್ದಲ್ಲ ಎಂಬುದು ಮೊದಲ ಪುಟಗಳಲ್ಲೇ ಸ್ಪಷ್ಟವಾಗುತ್ತದೆ, ಕೊನೆಯ ಪುಟದವರೆಗೂ ಅದು ಸುಳ್ಳಾಗುವುದಿಲ್ಲ. ಹಾಗಿದ್ದೂ ಭರವಸೆಯ ಬಗ್ಗೆ ಬರೆದ ಕಾದಂಬರಿಗಳ ಪೈಕಿ ನಾನು ಯಾರಿಗಾದರೂ ಮೊದಲು ಕೊಡಬಯಸುವ ಪುಸ್ತಕ ಇದೇ.

ಕಥೆಯ ಹೊರರೂಪ ಸರಳವಾಗಿದೆ. 1992ರ ಮಾರ್ಚ್ ತಿಂಗಳಲ್ಲಿ ಮನೆಗೆಲಸದವರನ್ನು ಒದಗಿಸುವ ಸಂಸ್ಥೆಯೊಂದು ತನ್ನ ಕೆಲಸಗಾರ್ತಿಯೊಬ್ಬಳನ್ನು ವೃದ್ಧ ಗಣಿತಜ್ಞರೊಬ್ಬರ ಮನೆಗೆ ಕಳುಹಿಸುತ್ತದೆ. ಸಂಸ್ಥೆಯಲ್ಲಿರುವ ಆ ಮನೆಯ ಕಾರ್ಡಿನ ಮೇಲೆ ಒಂಬತ್ತು ನಕ್ಷತ್ರಗಳ ಗುರುತಿದೆ. ಒಂದೊಂದು ನಕ್ಷತ್ರಕ್ಕೂ ಈ ಹಿಂದೆ ಕೆಲಸ ಬಿಟ್ಟ ಅಥವಾ ಬಿಡಿಸಲ್ಪಟ್ಟ ಒಬ್ಬೊಬ್ಬಳು ಹೆಂಗಸು ಎಂದು ಅರ್ಥ. ಅರವತ್ನಾಲ್ಕು ವರ್ಷದ ಈ ಪ್ರೊಫೆಸರ್ 1975ರಲ್ಲಿ ನಡೆದ ಕಾರು ಅಪಘಾತವೊಂದರಲ್ಲಿ ತಲೆಗೆ ಪೆಟ್ಟು ಮಾಡಿಕೊಂಡವರು. ಅಪಘಾತಕ್ಕೆ ಹಿಂದಿನದೆಲ್ಲವೂ ಅವರ ನೆನಪಿನಲ್ಲಿದೆ, ತಾವು ಕಲಿತ ಗಣಿತವೂ ಪೂರ್ತಿಯಾಗಿ ಉಳಿದಿದೆ, ಆದರೆ ಅದಾದ ಮೇಲಿನ ಯಾವ ಹೊಸ ನೆನಪೂ ಎಂಬತ್ತು ನಿಮಿಷಗಳನ್ನು ಮೀರಿ ನಿಲ್ಲುವುದಿಲ್ಲ. ಎಂಬತ್ತು ನಿಮಿಷದ ಒಂದೇ ವಿಡಿಯೊ ಟೇಪಿನ ಮೇಲೆ ಹಳೆಯದನ್ನು ಅಳಿಸುತ್ತ ಹೊಸದನ್ನು ತುಂಬಿಕೊಂಡಂತೆ ಎಂದು ಕಾದಂಬರಿಯೇ ಇದನ್ನು ವಿವರಿಸುತ್ತದೆ. ಆದ್ದರಿಂದ ಅವರು ತಮ್ಮ ಸೂಟಿನ ತುಂಬ ಚೀಟಿಗಳನ್ನು ಕ್ಲಿಪ್ ಹಾಕಿ ಸಿಕ್ಕಿಸಿಕೊಂಡಿರುತ್ತಾರೆ. ‘ನನ್ನ ನೆನಪು ಎಂಬತ್ತು ನಿಮಿಷ ಮಾತ್ರ’ ಎಂಬ ಅರ್ಥದ ಚೀಟಿ ಅವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಮುಂದೆ ಮನೆಗೆಲಸದಾಕೆಯ ಮುಖದ ಒಂದು ಪುಟ್ಟ ಚಿತ್ರವೂ ಆ ಚೀಟಿಗಳ ನಡುವೆ ಸೇರಿಕೊಳ್ಳುತ್ತದೆ, ಏಕೆಂದರೆ ಪ್ರತಿದಿನ ಬೆಳಿಗ್ಗೆ ಬಾಗಿಲು ತೆರೆದಾಗ ಎದುರಿಗೆ ನಿಂತಿರುವ ಆಕೆ ಪ್ರೊಫೆಸರರಿಗೆ ಪೂರ್ಣ ಅಪರಿಚಿತೆ.

ಹೊಸಬರನ್ನು ಕಂಡಾಗ ಏನು ಮಾತನಾಡಬೇಕೆಂದು ತಿಳಿಯದ ಈ ಮನುಷ್ಯ ಸಂಖ್ಯೆಗಳ ಮೊರೆ ಹೋಗುತ್ತಾರೆ. ಆಕೆಯ ಪಾದರಕ್ಷೆಯ ಅಳತೆ ಎಷ್ಟು ಎಂಬುದು ಅವರ ಮೊದಲ ಪ್ರಶ್ನೆ. ಇಪ್ಪತ್ನಾಲ್ಕು ಎಂದು ಆಕೆ ಹೇಳಿದಾಗ ಒಂದರಿಂದ ನಾಲ್ಕರವರೆಗಿನ ಸಂಖ್ಯೆಗಳನ್ನು ಗುಣಿಸಿದರೆ ಅದೇ ಬರುತ್ತದೆಂದು ಮೆಚ್ಚಿ ತಲೆದೂಗುತ್ತಾರೆ. ಬಳಿಕ ದೂರವಾಣಿ ಸಂಖ್ಯೆ ಕೇಳುತ್ತಾರೆ; 5761455 ಎಂಬ ಉತ್ತರ ಬರುತ್ತದೆ. ಒಂದರಿಂದ ಹತ್ತು ಕೋಟಿಯವರೆಗೆ ಇರುವ ಅವಿಭಾಜ್ಯ ಸಂಖ್ಯೆಗಳ ಒಟ್ಟು ಎಣಿಕೆ ನಿಖರವಾಗಿ ಅಷ್ಟೇ ಎಂದು ಅವರು ಸಂಭ್ರಮಿಸುತ್ತಾರೆ. ಓದುಗರು ಬೇಕಾದರೆ ಪರೀಕ್ಷಿಸಿಕೊಳ್ಳಬಹುದು, ಅದು ನಿಜವಾದ ಗಣಿತ. ಈ ಮಾತುಕತೆ ಮರುದಿನ ಬೆಳಿಗ್ಗೆ ಮತ್ತೆ ಮೊದಲಿನಿಂದ ನಡೆಯುತ್ತದೆ, ಅದರ ಮರುದಿನವೂ ನಡೆಯುತ್ತದೆ, ಮತ್ತು ಆಕೆ ಒಮ್ಮೆಯೂ ಬೇಸರವಿಲ್ಲದೆ ಅದೇ ಉತ್ತರ ಕೊಡುತ್ತಾಳೆ. ಸ್ನೇಹವೆಂದರೆ ಒಟ್ಟಿಗೆ ಕಳೆದ ದಿನಗಳ ಸಂಗ್ರಹ ಎಂದು ನಾವೆಲ್ಲ ನಂಬಿರುತ್ತೇವೆ. ಇಬ್ಬರಲ್ಲಿ ಒಬ್ಬರ ಬಳಿ ಆ ಸಂಗ್ರಹವೇ ಇಲ್ಲದಿದ್ದಾಗ ಸ್ನೇಹ ಸಾಧ್ಯವೇ ಎಂಬುದು ಒಗಾವಾ ಎತ್ತಿಕೊಂಡ ಪ್ರಶ್ನೆ. ಸಾಧ್ಯ ಎಂದು ಅವರು ವಾದಿಸಲು ಹೋಗುವುದಿಲ್ಲ. ಅಡುಗೆ, ಕಸಗುಡಿಸುವುದು, ಮಗುವಿನ ಮನೆಪಾಠ, ಸಂಜೆಯ ಊಟ ಇವುಗಳ ಮೂಲಕ ಅದು ಹೇಗೆ ಸಾಧ್ಯವಾಗುತ್ತದೆಂದು ದಿನದಿನವೂ ತೋರಿಸುತ್ತಾರೆ.

ಆ ಮಗು ಮನೆಗೆಲಸದಾಕೆಯ ಹತ್ತು ವರ್ಷದ ಮಗ. ಆಕೆ ಹದಿಹರೆಯ ಮುಗಿಯುವ ಮೊದಲೇ ತಾಯಿಯಾದವಳು, ಮಗುವಿನ ತಂದೆ ಜೊತೆಗಿಲ್ಲ, ಆಕೆಯನ್ನು ಬೆಳೆಸಿದ್ದೂ ಒಂಟಿ ತಾಯಿಯೇ. ಮಗ ಶಾಲೆಯಿಂದ ಬಂದು ಮನೆಯಲ್ಲಿ ಒಬ್ಬನೇ ಕಾಯುತ್ತಾನೆಂಬ ಸಂಗತಿ ಮಾತಿನ ನಡುವೆ ಹೊರಬಂದಾಗ ಪ್ರೊಫೆಸರ್ ಕಂಗಾಲಾಗುತ್ತಾರೆ. ಮಗುವನ್ನು ಒಂಟಿಯಾಗಿ ಬಿಡುವುದು ಸಲ್ಲದೆಂದು ಹಟ ಹಿಡಿದು, ಸಂಸ್ಥೆಯ ನಿಯಮಕ್ಕೆ ವಿರುದ್ಧವಾಗಿ ಹುಡುಗನನ್ನು ದಿನವೂ ತಮ್ಮ ಮನೆಗೇ ಕರೆಸಿಕೊಳ್ಳುತ್ತಾರೆ. ಅವನ ನೆತ್ತಿ ಚಪ್ಪಟೆಯಾಗಿರುವುದನ್ನು ಕಂಡು ವರ್ಗಮೂಲದ ಚಿಹ್ನೆಯ ಹೆಸರನ್ನೇ ಅವನಿಗಿಡುತ್ತಾರೆ. ಅಂದಿನಿಂದ ಅವನು ರೂಟ್. ಯಾವ ಸಂಖ್ಯೆ ಬಂದರೂ ತನ್ನ ಸೂರಿನಡಿ ಜಾಗ ಕೊಡುವ ಉದಾರ ಚಿಹ್ನೆ ಅದು ಎಂಬುದು ಅವರ ವಿವರಣೆ. ಕಾದಂಬರಿಯ ಮೂವರ ಗೆಳೆತನ ನಿಜವಾಗಿ ಆರಂಭವಾಗುವುದು ಇಲ್ಲಿಂದ. ತಂದೆಯನ್ನು ಕಾಣದ ಹುಡುಗ, ಯಾರ ಹೊಗಳಿಕೆಯನ್ನೂ ಕೇಳದೆ ದುಡಿದ ತಾಯಿ, ಕಾಲದಿಂದಲೇ ಹೊರದೂಡಲ್ಪಟ್ಟ ವಿದ್ವಾಂಸ: ಮೂವರಿಗೂ ಒಂದೊಂದು ಕೊರತೆಯಿದೆ, ಮತ್ತು ಒಬ್ಬರ ಕೊರತೆಗೆ ಇನ್ನೊಬ್ಬರ ಬಳಿ ಪರಿಹಾರವಿದೆ ಎಂದು ಲೇಖಕಿ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ.

ಈ ಕಾದಂಬರಿಯಲ್ಲಿ ಗಣಿತ ಅಲಂಕಾರಕ್ಕೆ ಬಂದದ್ದಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಆಕೆಯ ಹುಟ್ಟುಹಬ್ಬ ಫೆಬ್ರವರಿ 20, ಅಂದರೆ 220. ಪ್ರೊಫೆಸರ್ ವಿದ್ಯಾರ್ಥಿಯಾಗಿದ್ದಾಗ ಪ್ರಬಂಧವೊಂದಕ್ಕೆ ಬಹುಮಾನವಾಗಿ ಪಡೆದ ಕೈಗಡಿಯಾರದ ಹಿಂಬದಿಯಲ್ಲಿ ಕೊರೆದಿರುವ ಸಂಖ್ಯೆ 284. ಇವೆರಡನ್ನೂ ಕಾಗದದ ಮೇಲೆ ಬರೆದು ಆಯಾ ಸಂಖ್ಯೆಯನ್ನು ಬಿಟ್ಟು ಅವುಗಳ ಉಳಿದ ಭಾಜಕಗಳನ್ನು, ಅಂದರೆ ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳನ್ನು, ಹುಡುಕುವಂತೆ ಅವರು ಆಕೆಗೆ ಹೇಳುತ್ತಾರೆ. 220ರ ಭಾಜಕಗಳಾದ 1, 2, 4, 5, 10, 11, 20, 22, 44, 55, 110 ಇವನ್ನು ಕೂಡಿದರೆ 284 ಬರುತ್ತದೆ. 284ರ ಭಾಜಕಗಳಾದ 1, 2, 4, 71, 142 ಇವನ್ನು ಕೂಡಿದರೆ 220 ಬರುತ್ತದೆ. ಇಂಥ ಜೋಡಿಗಳನ್ನು ಸ್ನೇಹ ಸಂಖ್ಯೆಗಳು ಎನ್ನುತ್ತಾರೆ. ಅವು ಎಷ್ಟು ವಿರಳವೆಂದರೆ ಫೆರ್ಮಾ ಮತ್ತು ಡೆಕಾರ್ಟ್ ಅವರಂಥ ಮಹಾ ಗಣಿತಜ್ಞರಿಗೂ ತಲಾ ಒಂದೊಂದು ಜೋಡಿಯಷ್ಟೇ ದಕ್ಕಿತು. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಹೆಣ್ಣೊಬ್ಬಳು ಅಡುಗೆಮನೆಯ ಕೆಲಸ ಮುಗಿಸಿ ಬಂದು, ಪೆನ್ಸಿಲ್ ಹಿಡಿದು, ತಡವರಿಸುತ್ತ ಈ ಲೆಕ್ಕ ಮಾಡುತ್ತಾಳೆ. ಇಬ್ಬರು ಅಪರಿಚಿತರ ಬದುಕಿನ ಎರಡು ಆಕಸ್ಮಿಕ ಸಂಖ್ಯೆಗಳ ನಡುವೆ ಅನಾದಿಯಿಂದಲೂ ನಂಟೊಂದು ಇತ್ತು ಎಂಬುದು ಆಕೆಯ ಕೈಯಿಂದಲೇ ತೆರೆದುಕೊಳ್ಳುತ್ತದೆ. ಯಾರಾದರೂ ಇದನ್ನು ಭಾವುಕ ಉಪಾಯವೆನ್ನಬಹುದು. ಆದರೆ ಲೇಖಕಿ ಇಲ್ಲಿ ತನ್ನ ಮಾತಿನಿಂದ ಏನನ್ನೂ ಸೇರಿಸಿಲ್ಲ. ಕೂಡಿಸುವ ಲೆಕ್ಕವೇ ಭಾವವನ್ನು ಹೊತ್ತು ತರುತ್ತದೆ, ಓದುವವರೂ ಪಕ್ಕದಲ್ಲಿ ಕುಳಿತು ಕೂಡಿಸಿದರೆ ಮಾತ್ರ ಅದು ಪೂರ್ತಿ ದಕ್ಕುತ್ತದೆ.

ಇನ್ನೊಂದು ಪ್ರಸಂಗದಲ್ಲಿ ಒಂದರಿಂದ ಹತ್ತರವರೆಗಿನ ಸಂಖ್ಯೆಗಳ ಮೊತ್ತವನ್ನು ಒಂದೊಂದಾಗಿ ಕೂಡದೆ ಬೇರೆ ಬಗೆಯಲ್ಲಿ ಕಂಡುಹಿಡಿಯಬೇಕೆಂದು ಪ್ರೊಫೆಸರ್ ರೂಟ್‌ಗೆ ಮನೆಪಾಠ ಕೊಡುತ್ತಾರೆ. ಕೆಟ್ಟುಹೋದ ರೇಡಿಯೊ ರಿಪೇರಿಯಾಗಿ ಬೇಸ್‌ಬಾಲ್ ವೀಕ್ಷಕ ವಿವರಣೆ ಕೇಳಲು ಸಿಗಬೇಕಾದರೆ ಈ ಲೆಕ್ಕ ಮಾಡಲೇಬೇಕು. ತಾಯಿ–ಮಗ ದಿನಗಟ್ಟಲೆ ತಲೆ ಕೆಡಿಸಿಕೊಂಡು, ಹತ್ತನ್ನು ಬದಿಗಿಟ್ಟರೆ ಉಳಿದ ಒಂಬತ್ತು ಸಂಖ್ಯೆಗಳ ನಟ್ಟನಡುವೆ ಐದು ನಿಲ್ಲುತ್ತದೆ, ಐದನ್ನು ಒಂಬತ್ತರಿಂದ ಗುಣಿಸಿ ಹತ್ತು ಸೇರಿಸಿದರೆ ಐವತ್ತೈದು ಬರುತ್ತದೆ ಎಂಬ ದಾರಿಯನ್ನು ತಾವಾಗಿಯೇ ಕಂಡುಕೊಳ್ಳುತ್ತಾರೆ. ಶಾಲೆಯಲ್ಲಿ ಹೇಳಿಕೊಡುವ ಸೂತ್ರ ಇದಲ್ಲ. ಪ್ರೊಫೆಸರ್ ಅದನ್ನು ತಿದ್ದುವುದಿಲ್ಲ, ಎದ್ದು ನಿಂತು ಮೆಚ್ಚುತ್ತಾರೆ. ತಪ್ಪು ಉತ್ತರವನ್ನೂ ಗೌರವದಿಂದ ಕೇಳಿಸಿಕೊಳ್ಳುವ, ಮೌನಕ್ಕಿಂತ ತಪ್ಪು ಊಹೆಯನ್ನು ಹೆಚ್ಚು ಇಷ್ಟಪಡುವ ಇಂಥ ಮೇಷ್ಟರನ್ನು ಸಾಹಿತ್ಯದಲ್ಲಿ ನಾನು ಹೆಚ್ಚು ಕಂಡಿಲ್ಲ. ಗಣಿತವೆಂದರೆ ಬೆತ್ತ ಮತ್ತು ಅವಮಾನ ಎಂದು ನೆನಪಿಟ್ಟುಕೊಂಡು ಬೆಳೆದ ಎಷ್ಟೋ ಮಂದಿ ನಮ್ಮಲ್ಲಿದ್ದಾರೆ. ಅಂಥವರಿಗೆ ಈ ಪುಟಗಳು ಒಂದು ಬೇರೆಯೇ ಬಗೆಯ ಉಪಶಮನ ಕೊಡುತ್ತವೆ, ಮತ್ತು ಕಾದಂಬರಿಯ ಚೇತರಿಕೆಯ ಕಥೆಯಲ್ಲಿ ಮನೆಗೆಲಸದಾಕೆಯ ಪಾಲು ಕೂಡ ಇದೇ: ತಾನು ದಡ್ಡಿ ಎಂದು ಬಹುಕಾಲ ನಂಬಿದ್ದ ಹೆಣ್ಣು, ರಾತ್ರಿ ಮನೆಗೆ ಹೋದ ಮೇಲೂ, ಯಾರೂ ಕೇಳದೆಯೇ, ಸಂತೋಷಕ್ಕಾಗಿ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕತೊಡಗುತ್ತಾಳೆ.

ಮೂವರನ್ನು ಬೆಸೆಯುವ ಇನ್ನೊಂದು ಎಳೆ ಬೇಸ್‌ಬಾಲ್. ರೂಟ್ ಮತ್ತು ಪ್ರೊಫೆಸರ್ ಇಬ್ಬರೂ ಹಾನ್‌ಶಿನ್ ಟೈಗರ್ಸ್ ತಂಡದ ಅಭಿಮಾನಿಗಳು. ಪ್ರೊಫೆಸರರ ಆರಾಧ್ಯ ಆಟಗಾರ ಯುತಾಕಾ ಎನಾತ್ಸು, 1968ರ ಒಂದೇ ಋತುವಿನಲ್ಲಿ 401 ಸ್ಟ್ರೈಕ್‌ಔಟ್‌ಗಳ ದಾಖಲೆ ಮಾಡಿದ, ಅಂದರೆ ಅಷ್ಟು ಸಲ ತನ್ನ ಎಸೆತಗಳಿಂದಲೇ ದಾಂಡಿಗರನ್ನು ಔಟ್ ಮಾಡಿದ, ಎಡಗೈ ಪಿಚರ್ (ಚೆಂಡೆಸೆಯುವ ಆಟಗಾರ). ಟೈಗರ್ಸ್ ತಂಡದಲ್ಲಿ ಅವರು ತೊಟ್ಟದ್ದು 28ನೇ ಸಂಖ್ಯೆಯ ಅಂಗಿ. 28ರ ಭಾಜಕಗಳಾದ 1, 2, 4, 7, 14 ಇವನ್ನು ಕೂಡಿದರೆ ಮತ್ತೆ 28 ಬರುತ್ತದೆ, ಅಂದರೆ ಅದು ಪರಿಪೂರ್ಣ ಸಂಖ್ಯೆ. ತೊಡಕೆಂದರೆ 1975ರ ಋತು ಮುಗಿದ ಮೇಲೆ ಎನಾತ್ಸು ಆ ತಂಡವನ್ನು ಬಿಟ್ಟುಹೋದರು, ಮುಂದೆ ನಿವೃತ್ತರೂ ಆದರು. ಪ್ರೊಫೆಸರರ ಕಾಲ 1975ರಲ್ಲೇ ನಿಂತಿರುವುದರಿಂದ ಅವರಿಗೆ ಇದೊಂದೂ ಗೊತ್ತಿಲ್ಲ. ಇವತ್ತು ಎನಾತ್ಸು ಆಡುತ್ತಾರೆಯೇ ಎಂದು ಅವರು ಆಸೆಯಿಂದ ಕೇಳುವಾಗ, ಹತ್ತು ವರ್ಷದ ಹುಡುಗ ಅವರ ಮನಸ್ಸು ನೋಯದಂತೆ ಉತ್ತರ ಹೊಂದಿಸಿಕೊಂಡು ಹೇಳುತ್ತಾನೆ. ತನ್ನನ್ನು ಕಾಪಾಡುವ ಹಿರಿಯರನ್ನು ಮಗುವೊಂದು ತಾನೂ ಕಾಪಾಡಲು ಕಲಿಯುವುದನ್ನು ಇಷ್ಟು ಸಹಜವಾಗಿ ಬರೆಯುವುದು ಸುಲಭವಲ್ಲ. ಬೇಸ್‌ಬಾಲ್ ತಿಳಿಯದ ಕನ್ನಡ ಓದುಗರಿಗೆ ಕ್ರೀಡಾಂಗಣದ ಅಧ್ಯಾಯ ತುಸು ಉದ್ದವೆನಿಸಬಹುದು. ಆದರೆ ಆಟಗಾರರ ಸರಾಸರಿಗಳನ್ನು ಬಾಯಿಪಾಠ ಮಾಡಿಕೊಂಡು, ಸ್ಕೋರನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡು ಬೆಳೆದ ಯಾವ ಕ್ರಿಕೆಟ್ ಪ್ರೇಮಿಗೂ ಪ್ರೊಫೆಸರರ ಈ ಹುಚ್ಚಿನ ಒಳಮರ್ಮ ವಿವರಿಸಬೇಕಾಗಿಲ್ಲ.

ಒಂದು ಸಣ್ಣ ಪ್ರಸಂಗವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ಸ್ನೇಹದ ಬಗ್ಗೆ ಈ ಪುಸ್ತಕ ಹೇಳುವ ಅತ್ಯಂತ ಕಠಿಣ ಮಾತು ಅಲ್ಲಿದೆ. ತಾಯಿ ಅಂಗಡಿಗೆ ಹೋದ ಹೊತ್ತಿನಲ್ಲಿ ರೂಟ್ ಕೈ ಕೊಯ್ದುಕೊಳ್ಳುತ್ತಾನೆ. ಪ್ರೊಫೆಸರ್ ಗಾಬರಿಯಿಂದ ಕುಸಿದುಹೋಗುತ್ತಾರೆ, ಆದರೂ ಹುಡುಗನನ್ನು ಬೆನ್ನ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಧಾವಿಸುತ್ತಾರೆ. ಗಾಯ ದೊಡ್ಡದಲ್ಲ. ಆದರೆ ಆ ರಾತ್ರಿ ಮಗ ತಾಯಿಯ ಮೇಲೆ ಸಿಟ್ಟಾಗಿರುತ್ತಾನೆ, ಕಾರಣ ನೋವಲ್ಲ. ತನ್ನನ್ನು ಪ್ರೊಫೆಸರರ ಜೊತೆ ಬಿಟ್ಟುಹೋಗುವಾಗ ಅಮ್ಮನ ಮನಸ್ಸಿನಲ್ಲಿ ಒಂದು ಕ್ಷಣವಾದರೂ ಅನುಮಾನವಿತ್ತು, ಅವರನ್ನು ಆಕೆ ಪೂರ್ತಿ ನಂಬಿರಲಿಲ್ಲ ಎಂಬುದು ಅವನಿಗೆ ಗೊತ್ತಾಗಿದೆ. ಕರುಣೆ ಬೇರೆ, ವಿಶ್ವಾಸ ಬೇರೆ. ರೋಗಿಯೊಬ್ಬನನ್ನು ನಾವು ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ಅವನ ಕೈಗೆ ಯಾವ ಹೊಣೆಯನ್ನೂ ಕೊಡದಿದ್ದರೆ ಅದು ಇನ್ನೂ ಸ್ನೇಹವಾಗಿಲ್ಲ ಎಂಬುದನ್ನು ಹುಡುಗ ತಾಯಿಗಿಂತ ಮೊದಲೇ ಅರಿತಿದ್ದಾನೆ. ಮನೆಯಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವ ಓದುಗರು ಈ ಪುಟಗಳ ಬಳಿ ಬಹಳ ಹೊತ್ತು ನಿಲ್ಲುವರೆಂದು ನನಗನಿಸುತ್ತದೆ.

ವೈದ್ಯಕೀಯ ದೃಷ್ಟಿಯಿಂದ ನೋಡಿದರೆ ಎಂಬತ್ತು ನಿಮಿಷಗಳ ಈ ಗಡಿ ಕಥೆಗಾರ್ತಿಯ ಕಟ್ಟುಪಾಡು. ನಿಜವಾದ ಸ್ಮೃತಿನಾಶ ಇಷ್ಟು ಅಚ್ಚುಕಟ್ಟಾದ ಗಡಿಯಾರ ಇಟ್ಟುಕೊಂಡು ಬರುವುದಿಲ್ಲ. ಅಮೆರಿಕದ ಹೆನ್ರಿ ಮೊಲೈಸನ್ ಅವರ ಪ್ರಕರಣ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಪಸ್ಮಾರಕ್ಕಾಗಿ 1953ರಲ್ಲಿ ನಡೆದ ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ಅವರಿಗೆ ಹೊಸ ಘಟನೆಗಳ ನೆನಪು ನಿಲ್ಲದಾಯಿತು. ವರ್ಷಗಟ್ಟಲೆ ತಮ್ಮನ್ನು ಪರೀಕ್ಷಿಸಿದ ವಿಜ್ಞಾನಿಗಳೂ ಅವರಿಗೆ ಹೊಸಬರಾಗಿಯೇ ಉಳಿದರು. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಆಕಾರವನ್ನು ಗೀಚುವ ಅಭ್ಯಾಸ ಕೊಟ್ಟಾಗ, ಹಿಂದೆ ಅದನ್ನು ಮಾಡಿದ ನೆನಪು ಕೊಂಚವೂ ಇಲ್ಲದೆ, ದಿನದಿಂದ ದಿನಕ್ಕೆ ಅವರ ಕೈ ಪಳಗುತ್ತ ಹೋಯಿತು. ಮನಸ್ಸು ಮರೆತದ್ದನ್ನು ದೇಹ ಕಲಿಯಬಲ್ಲದು ಎಂಬ ಈ ಸಂಗತಿಯನ್ನು ಒಗಾವಾ ಕಾದಂಬರಿಯಲ್ಲಿ ಚರ್ಚಿಸುವುದಿಲ್ಲ. ಚರ್ಚಿಸಿದ್ದರೆ ಪ್ರೊಫೆಸರರ ಮೇಲೂ ಈ ಸ್ನೇಹದ ಗುರುತು ಹೇಗೆ ಉಳಿಯುತ್ತದೆಂಬ ಪ್ರಶ್ನೆಗೆ ಇನ್ನೊಂದು ಆಳ ಬರುತ್ತಿತ್ತು. ಅವರ ಕಾದಂಬರಿಯಲ್ಲಿ ಆ ಗುರುತು ಚೀಟಿಗಳಲ್ಲಿದೆ, ಮತ್ತು ರೂಟ್‌ನನ್ನು ಕಂಡ ಕೂಡಲೇ, ಪ್ರತಿಸಲವೂ ಮೊದಲ ಸಲವೇ ಆದರೂ, ಅವರು ತೋಳು ಚಾಚುವ ರೀತಿಯಲ್ಲಿದೆ. ಮಕ್ಕಳ ಮೇಲಿನ ಅವರ ಅಕ್ಕರೆ ನೆನಪನ್ನು ಅವಲಂಬಿಸಿಲ್ಲ. ಅದು ಅವರ ಸ್ವಭಾವ. ಲೇಖಕಿಗೆ ಅಷ್ಟು ಸಾಕಾಗಿದೆ.

ಈ ಪುಸ್ತಕದ ಬಗೆಗಿನ ಮೆಚ್ಚುಗೆಯ ಮಾತುಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಒಂದು ಅಂಶವಿದೆ. ಇದು ಸಂಬಳದ ಮೇಲೆ ನಿಂತ ಸಂಬಂಧ. ಆಕೆ ಬಂದದ್ದು ದುಡಿಯಲು, ದಿನದ ಕೆಲಸದ ಗಂಟೆಗಳು ನಿಗದಿಯಾಗಿವೆ, ಆಕೆಯನ್ನು ಇಟ್ಟುಕೊಳ್ಳುವ ಮತ್ತು ಬಿಡಿಸುವ ಅಧಿಕಾರವಿರುವುದು ಪಕ್ಕದ ದೊಡ್ಡ ಮನೆಯಲ್ಲಿರುವ ಪ್ರೊಫೆಸರರ ವಿಧವೆ ಅತ್ತಿಗೆಗೆ. ಪ್ರೊಫೆಸರರ ಮನೆಯ ತಾಪತ್ರಯಗಳು ತನ್ನವರೆಗೆ ಬರಕೂಡದೆಂದು ಆ ಅತ್ತಿಗೆ ಮೊದಲ ಭೇಟಿಯಲ್ಲೇ ತಾಕೀತು ಮಾಡಿರುತ್ತಾಳೆ. ಜ್ವರದಲ್ಲಿ ಬಿದ್ದ ಪ್ರೊಫೆಸರರ ಬಳಿ ಒಂದು ರಾತ್ರಿ ಉಳಿದದ್ದೇ ಅಪರಾಧವಾಗಿ ಆಕೆ ಕೆಲಸ ಕಳೆದುಕೊಳ್ಳುತ್ತಾಳೆ. ನಿಯಮ ಮೀರಿದ ಪ್ರೀತಿಗೆ ದಂಡ ತೆರುವವಳು ದುಡಿಯುವ ಹೆಣ್ಣೇ ಎಂಬ ಸತ್ಯವನ್ನು ಒಗಾವಾ ಮರೆಮಾಚಿಲ್ಲ. ನಮ್ಮ ನಗರಗಳಲ್ಲಿ ಮನೆಗೆಲಸಕ್ಕೆ ಬರುವವರನ್ನು ‘ಮನೆಯವರ ಹಾಗೆಯೇ’ ಎಂದು ಹೇಳಿಕೊಂಡು, ರಜೆ ಮತ್ತು ಸಂಬಳದ ಮಾತು ಬಂದಾಗ ಮಾತ್ರ ಹೊರಗಿನವರಂತೆ ಕಾಣುವ ಮನೆಗಳು ಎಷ್ಟೋ ಇವೆ. ಅಂಥ ಮನೆಗಳಲ್ಲಿ ಈ ಕಾದಂಬರಿ ಓದಿಸಿಕೊಳ್ಳಬೇಕು. ಆದರೂ ಒಂದು ಅತೃಪ್ತಿಯನ್ನು ಹೇಳದಿರಲಾರೆ: ನಿರೂಪಕಿಯ ದಣಿವು, ಬಾಡಿಗೆ ಮನೆಯ ಖರ್ಚು, ಒಂಟಿ ತಾಯಿಯಾಗಿ ಆಕೆ ಎದುರಿಸಿದ ಸಮಾಜದ ಮಾತು ಇವುಗಳಿಗೆ ಪುಸ್ತಕದಲ್ಲಿ ಸಿಕ್ಕಿರುವ ಜಾಗ ಬಹಳ ಕಡಿಮೆ. ಆಕೆಯ ಸಹನೆ ಕೆಲವೊಮ್ಮೆ ಮನುಷ್ಯರ ಸಹನೆಗಿಂತ ಹೆಚ್ಚು ನಯವಾಗಿದೆ.

ಅತ್ತಿಗೆಯ ಪಾತ್ರದ ಬಗ್ಗೆಯೂ ನನಗೆ ಇದೇ ಬಗೆಯ ದೂರಿದೆ. ಊರುಗೋಲು ಹಿಡಿದು ನಡೆಯುವ ಆ ಹೆಂಗಸಿಗೂ ಪ್ರೊಫೆಸರರಿಗೂ ನಡುವೆ ಹಿಂದೆ ಏನಿತ್ತು ಎಂಬುದು ಕಾದಂಬರಿಯ ಅಡಿಯಲ್ಲಿ ಹರಿಯುವ ಇನ್ನೊಂದು ಕಥೆ. ಈ ಬಳಗದಲ್ಲಿ ಅತಿ ಹೆಚ್ಚು ಗಾಯಗೊಂಡವಳು ಪ್ರಾಯಶಃ ಆಕೆಯೇ, ಏಕೆಂದರೆ ಎಲ್ಲವನ್ನೂ ನೆನಪಿಟ್ಟುಕೊಂಡಿರುವವಳು ಆಕೆ. ಆದರೆ ಸ್ನೇಹದ ಬಾಗಿಲು ಆಕೆಗೆ ಅರ್ಧವಷ್ಟೇ ತೆರೆಯುತ್ತದೆ. ಅತ್ತಿಗೆ ಮತ್ತು ಮನೆಗೆಲಸದಾಕೆಯ ನಡುವಿನ ಜಗಳ ವಿಕೋಪಕ್ಕೆ ಹೋದಾಗ ಪ್ರೊಫೆಸರ್ ಒಂದು ಕಾಗದದ ಮೇಲೆ ಗಣಿತಜ್ಞ ಆಯ್ಲರನ ಸೂತ್ರವನ್ನು ಬರೆದು ಮೇಜಿನ ಮೇಲಿಟ್ಟು ಎದ್ದು ಹೋಗುತ್ತಾರೆ. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ e, π, i ಎಂಬ ಮೂರು ಸಂಖ್ಯೆಗಳಲ್ಲಿ e ಯನ್ನು π ಮತ್ತು i ಗಳ ಗುಣಲಬ್ಧದ ಘಾತಕ್ಕೆ ಏರಿಸಿ ಅದಕ್ಕೆ ಬರೀ ಒಂದನ್ನು ಸೇರಿಸಿದರೆ ಎಲ್ಲವೂ ಸೊನ್ನೆಯಲ್ಲಿ ಶಾಂತವಾಗುವ ಸೂತ್ರ ಅದು. ಜಗಳ ಅಲ್ಲಿಗೆ ನಿಲ್ಲುತ್ತದೆ, ಮನೆಗೆಲಸದಾಕೆ ಮರಳಿ ಕೆಲಸಕ್ಕೆ ಬರುತ್ತಾಳೆ. ಏಕೆ ಎಂದು ಯಾರೂ ವಿವರಿಸುವುದಿಲ್ಲ. ತರ್ಕದ ದೃಷ್ಟಿಯಿಂದ ಇದು ಕಾದಂಬರಿಯ ಅತ್ಯಂತ ದುರ್ಬಲ ಜಾಗವೆಂದು ಹೇಳುವವರ ಮಾತನ್ನು ನಾನು ಅಲ್ಲಗಳೆಯಲಾರೆ. ನಿರೂಪಕಿ ಗ್ರಂಥಾಲಯಕ್ಕೆ ಹೋಗಿ ಆ ಸೂತ್ರದ ಅರ್ಥವನ್ನು ತಡಕಾಡುವ ಮುಂದಿನ ಪುಟಗಳು ಮಾತ್ರ ಅಷ್ಟೇ ಬಲವಾಗಿವೆ, ಮತ್ತು ಓದುಗರು ಆಕೆಯ ಜೊತೆಗೇ ಅರ್ಥ ಹುಡುಕಬೇಕಾಗಿರುವುದರಿಂದ ನಾನು ಆ ಮೌನವನ್ನು ಒಪ್ಪಿಕೊಂಡಿದ್ದೇನೆ.

ಓದುತ್ತಿರುವಾಗ ಕನ್ನಡದವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ನೆನಪಾಗುವುದು ಸಹಜ. ಅಲ್ಲಿಯೂ ಒಬ್ಬ ವಿಜ್ಞಾನಿಯಿದ್ದಾರೆ, ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಂತೆ ಕಾಣುವ ಮಂದಣ್ಣನಿದ್ದಾನೆ, ಮತ್ತು ಕರ್ವಾಲೊ ಆ ಮಂದಣ್ಣನಲ್ಲಿ ಹುಟ್ಟು ಪ್ರಕೃತಿ ವಿಜ್ಞಾನಿಯನ್ನು ಕಾಣುತ್ತಾರೆ. ವಿದ್ಯೆ ಇರುವವರು ಇಲ್ಲದವರಿಗೆ ದಯೆ ತೋರಿಸುವ ಕಥೆ ಎರಡೂ ಅಲ್ಲ. ತಿಳಿಯುವ ಹಂಬಲವೊಂದೇ ಅಂತಸ್ತಿನ ಗೋಡೆಯನ್ನು ಇಳಿಸುತ್ತದೆ, ಹಾರುವ ಓತಿಯೋ ಅವಿಭಾಜ್ಯ ಸಂಖ್ಯೆಯೋ ಮಧ್ಯದಲ್ಲಿ ನಿಂತಾಗ ಯಾರು ದೊಡ್ಡವರು ಎಂಬ ಪ್ರಶ್ನೆಯೇ ಹಿಂದೆ ಸರಿಯುತ್ತದೆ. ತೇಜಸ್ವಿಯವರ ಬಳಗ ಕಾಡಿನಲ್ಲಿ ಅಲೆಯುವ ಗದ್ದಲದ ಬಳಗ, ಒಗಾವಾ ಅವರದು ಒಂದು ಪುಟ್ಟ ಮನೆಯೊಳಗಿನ ಮೂವರು. ಧಾಟಿ ಪೂರ್ತಿ ಬೇರೆ. ಆದರೆ ‘ಕರ್ವಾಲೊ’ವನ್ನು ಪ್ರೀತಿಸಿದ ಓದುಗರಿಗೆ ಈ ಜಪಾನಿ ಪುಸ್ತಕದಲ್ಲಿ ಪರಕೀಯತೆ ಕಾಡುವುದಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಲೇಖಕಿಯ ಬಗ್ಗೆ ಎರಡು ಮಾತು. 1962ರಲ್ಲಿ ಒಕಾಯಾಮಾದಲ್ಲಿ ಹುಟ್ಟಿದ ಒಗಾವಾ ಹೊಸ ಲೇಖಕರಿಗೆ ಸಲ್ಲುವ ಅಕುತಾಗಾವಾ ಪ್ರಶಸ್ತಿಯನ್ನು ಬರವಣಿಗೆಯ ಆರಂಭದ ವರ್ಷಗಳಲ್ಲೇ ಪಡೆದವರು. ಅವರ ಇತರ ಕೃತಿಗಳು ಬಹುಮಟ್ಟಿಗೆ ಕತ್ತಲೆಯವು, ಕ್ರೌರ್ಯವನ್ನು ತಣ್ಣಗೆ ನೋಡುವಂಥವು. ಆ ಕೈಯೇ ಈ ಕಾದಂಬರಿಯನ್ನೂ ಬರೆದಿರುವುದರಿಂದ ಇಲ್ಲಿನ ಮೃದುತ್ವ ಎಲ್ಲಿಯೂ ಸಿಹಿಯಾಗಿ ಜಿನುಗುವುದಿಲ್ಲ. ಯೊಮಿಯುರಿ ಸಾಹಿತ್ಯ ಪ್ರಶಸ್ತಿಯ ಜೊತೆಗೆ, ಜಪಾನಿನ ಪುಸ್ತಕದ ಅಂಗಡಿಗಳ ಸಿಬ್ಬಂದಿಯೇ ಮತ ಹಾಕಿ ಆರಿಸುವ ಪ್ರಶಸ್ತಿ 2004ರಲ್ಲಿ ಆರಂಭವಾದಾಗ ಅದರ ಮೊದಲ ಗೌರವವೂ ಇದಕ್ಕೇ ಸಂದಿತು. ವಿಮರ್ಶಕರೂ ಅಂಗಡಿಯಲ್ಲಿ ನಿಂತು ಪುಸ್ತಕ ಮಾರುವವರೂ ಒಂದೇ ಪುಸ್ತಕವನ್ನು ಮೆಚ್ಚುವುದು ಅಪರೂಪ.

ಸ್ನೈಡರ್ ಅವರ ಅನುವಾದದ ಇಂಗ್ಲಿಷ್ ತಿಳಿಯಾಗಿದೆ, ವಾಕ್ಯಗಳು ಚಿಕ್ಕವು. ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸ ಕಡಿಮೆಯಿರುವವರೂ ಇನ್ನೂರು ಪುಟಗಳನ್ನು ಮುಟ್ಟದ ಈ ಪುಸ್ತಕವನ್ನು ನಿಘಂಟಿನ ಹಂಗಿಲ್ಲದೆ ಮುಗಿಸಬಹುದು. ಪ್ರೌಢಶಾಲೆಯ ಮಕ್ಕಳಿಗೂ ಕೊಡಬಹುದಾದ ಪುಸ್ತಕವಿದು. ಮಕ್ಕಳ ಜೊತೆ ಓದುವವರು ಪಕ್ಕದಲ್ಲಿ ಹಾಳೆ ಪೆನ್ಸಿಲ್ ಇಟ್ಟುಕೊಂಡು, ಪ್ರೊಫೆಸರ್ ಕೇಳಿದ ಪ್ರತಿಯೊಂದು ಪ್ರಶ್ನೆಯ ಬಳಿ ಪುಟ ಮುಚ್ಚಿ, ಲೆಕ್ಕ ಮಾಡಿ ನೋಡಿದ ಮೇಲೆಯೇ ಮುಂದುವರಿಯುವುದು ಒಳ್ಳೆಯದು. ಘಟನೆಗಳ ಓಟ, ರಹಸ್ಯದ ಸ್ಫೋಟ, ಕಣ್ಣೀರಿನ ಮಹಾಸಂಗಮ ಇವುಗಳನ್ನು ಬಯಸಿ ಬರುವವರು ಮೊದಲ ಐವತ್ತು ಪುಟಗಳಲ್ಲೇ ಏನೂ ನಡೆಯುತ್ತಿಲ್ಲವೆಂದು ಅಂದುಕೊಳ್ಳುವ ಸಾಧ್ಯತೆಯಿದೆ. ಅಂಥವರಿಗೆ ನಾನು ಇದನ್ನು ಒತ್ತಾಯಿಸುವುದಿಲ್ಲ. ಹಾಗೆಯೇ ಕೊನೆಯ ಭಾಗದಲ್ಲಿ ಪ್ರೊಫೆಸರರ ಸ್ಥಿತಿ ಕುಸಿಯುತ್ತ ಹೋಗುವುದನ್ನು ಲೇಖಕಿ ಮುಚ್ಚಿಡದೆ ಬರೆದಿದ್ದಾರೆ. ಇತ್ತೀಚೆಗೆ ಮನೆಯ ಹಿರಿಯರನ್ನು ಇದೇ ರೀತಿಯ ಕಾಯಿಲೆಗೆ ಕಳೆದುಕೊಂಡವರು ಸ್ವಲ್ಪ ಕಾಲ ಬಿಟ್ಟು ಓದಿದರೆ ಮೇಲು.

ತಕಾಶಿ ಕೊಯಿಜುಮಿ ಅವರ ನಿರ್ದೇಶನದಲ್ಲಿ, ಅಕಿರಾ ತೆರಾವೊ ಪ್ರೊಫೆಸರ್ ಆಗಿ ನಟಿಸಿದ ಚಲನಚಿತ್ರ 2006ರಲ್ಲಿ ಬಂತು. ನೋಡಲು ಹಿತವಾದ ಚಿತ್ರ, ತೆರಾವೊ ಅವರ ಅಭಿನಯವೂ ಹದವಾಗಿದೆ. ಆದರೆ ಚಿತ್ರವು ಕಥೆಯನ್ನು ಹೇಳುವ ಕೆಲಸವನ್ನು ತಾಯಿಯಿಂದ ತೆಗೆದು, ಬೆಳೆದು ಗಣಿತದ ಮೇಷ್ಟರಾದ ರೂಟ್‌ನ ಕೈಗೆ ಕೊಟ್ಟಿದೆ. ಅವನು ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಹೇಳುತ್ತಾನೆ. ಸಂಖ್ಯೆಗಳನ್ನು ವಿವರಿಸಲು ಇದು ಅನುಕೂಲವಾಯಿತೇನೋ ನಿಜ, ಆದರೆ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತ ಗಣಿತವನ್ನು ಕಂಡುಕೊಂಡ ಹೆಣ್ಣಿನ ದನಿ ಅಲ್ಲಿ ಹಿನ್ನೆಲೆಗೆ ಸರಿದಿದೆ. ಆದ್ದರಿಂದ ಚಿತ್ರ ನೋಡಬೇಕೆನ್ನುವವರು ಪುಸ್ತಕವನ್ನು ಓದಿ ಮುಗಿಸಿದ ಮೇಲೆಯೇ ನೋಡಲಿ.